ಮನೆಗೆ ಬಂದರೆ ಹತ್ತು ರೂಪಾಯಿ

ಅಥಣಿಯ ನನ್ನ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಈಚೆಗೆ ನಾನು ರಬ್ಬರ್ ಚಪ್ಪಲಿ ಹಾಕಿಕೊಂಡೇ ನಿಲ್ಲುತ್ತೇನೆ. ಒಲೆಯ ಹತ್ತಿರ ಚಪ್ಪಲಿ ಕಂಡರೆ ನನ್ನ ಅವ್ವ ಊಟ ಬಿಟ್ಟಾಳು. ಮಿಕ್ಸರಿನ ಸ್ವಿಚ್ಚು ಮುಟ್ಟಿದರೆ ಬೆರಳು ಜುಮ್ ಎನ್ನುತ್ತದೆ. ಚಪ್ಪಲಿ ಇದ್ದರೆ ಎನ್ನುವುದಿಲ್ಲ. ಅಷ್ಟೇ ಕಾರಣ. ನಿನ್ನೆ ಬೆಳಿಗ್ಗೆ ಚಟ್ನಿ ರುಬ್ಬಲು ಹೋದಾಗ ಕೈ ತಾನಾಗಿಯೇ ಲಟ್ಟಣಿಗೆಯತ್ತ ಹೋಯಿತು, ಅದರ ತುದಿಯಿಂದ ಸ್ವಿಚ್ಚು ಒತ್ತೋಣವೆಂದು. ಹಾಗೆ ಅದನ್ನು ಹಿಡಿದು ನಿಂತವಳಿಗೆ ನಿಪ್ಪಾಣಿಯ ನಮ್ಮ ಎದುರುಮನೆಯ ಸೊಸೆ, ನಾನು ಅತ್ತಿಗೆಯೆಂಬಂತೆ ವೈನಿ ಎನ್ನುತ್ತಿದ್ದ ಸುಮನ್ ವೈನಿ ನೆನಪಾದರು.

ವೈನಿಯ ಬಗ್ಗೆ ಹೇಳುವ ಮೊದಲು ಅಣ್ಣನ ಬೋರ್ಡಿನ ಬಗ್ಗೆ ಹೇಳಬೇಕು. ಪುಣೆಯಲ್ಲಿ ಗುತ್ತಿಗೆದಾರನೊಬ್ಬನ ಕೈಕೆಳಗೆ ವೈರಿಂಗ್ ಕಲಿತು ಅಣ್ಣ ನಿಪ್ಪಾಣಿಗೆ ಮರಳಿದ್ದು ತೊಂಬತ್ತರ ದಶಕದ ಮೊದಲಲ್ಲಿ. ಮನೆಗಳ ಕರೆಂಟಿನ ಕೆಲಸವನ್ನೇ ಸ್ವಂತ ಉದ್ಯೋಗ ಮಾಡಿಕೊಳ್ಳುತ್ತೇನೆಂದ. ಅಪ್ಪ ದೀಪಾವಳಿಯವರೆಗೆ ಗಡುವು ಕೊಟ್ಟರು. ಅಷ್ಟರಲ್ಲಿ ಅದು ನಡೆಯದಿದ್ದರೆ ಅಣ್ಣ ಅವರೊಂದಿಗೆ ತಂಬಾಕು ತುಂಬಿಡುವ ವಖಾರಿಗೆ ಹೋಗಿ ಕೂರಬೇಕು. ಆ ತಂಬಾಕಿನ ಧೂಳಿಗೆ ಅವನಿಗೆ ಚಿಕ್ಕಂದಿನಿಂದಲೂ ಉಸಿರು ಕಟ್ಟುತ್ತಿತ್ತು. ಅಪ್ಪನಿಗೆ ಅದು ಗೊತ್ತಿಲ್ಲವೆಂದಲ್ಲ. ವಖಾರಿ ಬಿಟ್ಟರೆ ಬೇರೆ ಅನ್ನ ಅವರು ಕಂಡಿರಲಿಲ್ಲ.

ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಯುವುದರಿಂದ ಸಂಜೆಗಳು ಬಹಳ ಉದ್ದ. ಆ ಸಂಜೆಗಳಲ್ಲಿ ಪಡಸಾಲೆಯಲ್ಲಿ ಕೂತು ಅಣ್ಣ ದರ ಗೊತ್ತುಮಾಡಿದ. ಧಾರವಾಡದಿಂದ ತಂದ ನನ್ನ ಅರ್ಥಶಾಸ್ತ್ರದ ಪದವಿ ಮನೆಯಲ್ಲಿ ಕೆಲಸಕ್ಕೆ ಬಂದದ್ದು ಅದೇ ಮೊದಲು, ಅದೂ ನನ್ನ ಅಕ್ಷರ ಚೆನ್ನಾಗಿದೆಯೆಂಬ ಕಾರಣಕ್ಕೆ. ಹೊಸ ಮನೆಯ ವೈರಿಂಗಿಗೆ ದೀಪ, ಫ್ಯಾನು ಒಂದೊಂದಕ್ಕೆ ಇಷ್ಟೆಂದು ಪಾಯಿಂಟಿನ ಲೆಕ್ಕ, ಅದು ಸುಲಭ. ತೊಡಕಿದ್ದದ್ದು ರಿಪೇರಿಯಲ್ಲಿ. ಫ್ಯೂಜ್ ತಂತಿ ಕಟ್ಟುವುದು ಚಿಟಿಕೆ ಹೊಡೆಯುವಷ್ಟರ ಕೆಲಸ, ಸೈಕಲ್ ತುಳಿದು ಹೋಗಿ ಬರಲು ಅರ್ಧ ಮುಂಜಾನೆ. ಆ ಅರ್ಧ ಮುಂಜಾನೆಗೆ ಬೆಲೆ ಯಾರು ಕೊಡಬೇಕು? ಪುಣೆಯಲ್ಲಿ ಅದಕ್ಕೊಂದು ಉಪಾಯವಿತ್ತಂತೆ. ಅಣ್ಣ ಹೇಳಿದ್ದನ್ನು ನಾನು ಕನ್ನಡ, ಮರಾಠಿ ಎರಡರಲ್ಲೂ ಬೋರ್ಡಿನ ಮೇಲೆ ಬರೆದೆ: ಮನೆಗೆ ಬಂದರೆ ಹತ್ತು ರೂಪಾಯಿ, ಕೆಲಸದ ಹಣ ಬೇರೆ.

ಓಣಿಗೆ ಓಣಿಯೇ ಬೆಚ್ಚಿಬಿತ್ತು. ಕಳ್ಳತನದ ಸುದ್ದಿ ಕೇಳಿದಂತೆ ಅವ್ವ ಬಾಯಿಗೆ ಸೆರಗು ಹಿಡಿದಳು. ಮಂದಿಯ ಮನೆಗೆ ಹೋಗುವುದಕ್ಕೆ ಹಣ ಕೇಳುವುದೆಂದರೇನು? ಹೋದವನಿಗೆ ಅವರು ಚಹಾ ಕೊಡುತ್ತಾರೆ, ಕೂರಲು ಜಮಖಾನ ಹಾಸುತ್ತಾರೆ. ಎದುರುಮನೆಯ ಬಾಬು ಕಾಕಾ ಕನ್ನಡಕ ಏರಿಸಿಕೊಂಡು ಬೋರ್ಡನ್ನು ಎರಡೂ ಭಾಷೆಗಳಲ್ಲಿ ಓದಿದರು.

"ಹಂಗಾರ ನಮ್ಮ ಮನ್ಯಾಗ ಕುಡದ ಚಾದ್ದ ಎಷ್ಟ ಹಚ್ಚೂಣು?" ಎಂದರು ಅಣ್ಣನಿಗೆ. "ಸಣ್ಣಾಂವ ಇದ್ದಾಗಿಂದ ಕುಡದೀಯಲೇ, ಬಾಕಿ ಭಾಳ ಐತಿ ನಿಂದು."

ಅಣ್ಣ ನಕ್ಕ. ಆದರೆ ಆಮೇಲೆ ನಮ್ಮ ಓಣಿಯಿಂದ ಒಬ್ಬರೂ ಅವನನ್ನು ಕರೆಯಲಿಲ್ಲ. ವರ್ಗವಾಗಿ ಬಂದ ಅಧಿಕಾರಿಗಳು ಕರೆಯುತ್ತಿದ್ದರು, ಅವರಾದರೂ ಊರಿನಲ್ಲಿ ಎಷ್ಟು ಜನ? ದಸರೆ ಹತ್ತಿರ ಬಂದಾಗ ಅಪ್ಪ ವಖಾರಿಯಲ್ಲಿ ಒಂದು ಗಾದಿ ಖಾಲಿಯಿದೆ ಎಂದು ಯಾರಿಗೂ ಅಲ್ಲದಂತೆ ಹೇಳತೊಡಗಿದರು. ಅಣ್ಣ ಕೇಳಿಸದವನಂತೆ ಟೆಸ್ಟರ್ ಒರೆಸುತ್ತ ಕೂರುತ್ತಿದ್ದ.

ಆಗಲೇ ಒಂದು ದಿನ ಅವ್ವ ಎರವಲು ತಂದ ಜರಡಿ ಮರಳಿಸಲು ನಾನು ಬಾಬು ಕಾಕಾರ ಮನೆಗೆ ಹೋದೆ. ಅವರ ಸೊಸೆ ಸುಮನ್ ವೈನಿ ಅಡುಗೆಮನೆಯಲ್ಲಿದ್ದರು. ಸ್ವಿಚ್ಚಿನ ಕಬ್ಬಿಣದ ಡಬ್ಬಿಯ ಕೆಳಗೆ ನೆಲದ ಮೇಲೊಂದು ಮಣೆ, ಪಕ್ಕದಲ್ಲಿ ದಾರ ಕಟ್ಟಿ ತೂಗಿಬಿಟ್ಟ ಲಟ್ಟಣಿಗೆ. ವೈನಿ ಮಣೆಯ ಮೇಲೆ ಹತ್ತಿ, ಲಟ್ಟಣಿಗೆಯ ತುದಿಯಿಂದ ದೀಪ ಹಚ್ಚಿ, ಇಳಿದು, ನನ್ನನ್ನು ನೋಡಿ ನಕ್ಕರು. ದೇವರಿಗೆ ಹೂ ಏರಿಸಿದಷ್ಟು ಸಹಜವಾಗಿ.

"ಕೈ ಹಚ್ಚಬ್ಯಾಡ ತಂಗಿ. ಒಣಾ ಇದ್ದಾಗ ಸುಮ್ಮ ಇರ್ತೈತಿ. ನೆಲಾ ಒರಸಿದ್ನೆಪಾ ಅಂದ್ರ ಸಿಟ್ಟಿಗೇಳತೈತಿ."

ಮನೆಯ ಹಿರಿಯರೊಬ್ಬರ ಸ್ವಭಾವ ಹೇಳುವ ಹಾಗಿತ್ತು ಆ ಮಾತು. ಎದುರಿಗೇ ಅಣ್ಣ ಇದ್ದಾನಲ್ಲ, ಕರೆಯಬಾರದೇ ಎಂದೆ.

ವೈನಿ ಜರಡಿಯನ್ನು ಗೂಟಕ್ಕೆ ಹಾಕಿ ತಿರುಗಿದರು. "ಕರದ್ರ ರೊಕ್ಕ ತಗೊಳ್ಳಾಕ ಅಂವ ನಾಚತಾನ. ತಗೊಳ್ಳಲಿಲ್ಲಂದ್ರ ನಾವ್ ನಾಚತೀವಿ. ಇರ್ಲಿ ಬಿಡ, ನಡೀತೈತಿ."

ಮನೆಗೆ ಬಂದು ಅಣ್ಣನಿಗೆ ಹೇಳಿದೆ. ಅವನು ಅಂಗಿಯನ್ನೂ ಹಾಕಿಕೊಳ್ಳದೆ ಬನಿಯನ್ನಿನಲ್ಲೇ ಓಣಿ ದಾಟಿದ; ಹಿಂದೆಯೇ ನಾನು. ಡಬ್ಬಿ ಬಿಚ್ಚಿದ. ಒಳಗೆ ಸವೆದ ತಂತಿಯೊಂದು ಕಬ್ಬಿಣಕ್ಕೆ ತಾಗಿಕೊಂಡಿತ್ತು. ಡಬ್ಬಿಯಿಂದ ನೆಲಕ್ಕೆ ಇಳಿಯಬೇಕಾದ ಅರ್ಥಿಂಗ್ ತಂತಿ ನೆಲಕ್ಕೆ ಇಳಿದಿರಲೇ ಇಲ್ಲ. ಹಿಂದೆ ಯಾರೋ ಅದನ್ನು ಕಿಟಕಿಯ ಕಟ್ಟಿಗೆಯ ಚೌಕಟ್ಟಿನ ಮೊಳೆಯೊಂದಕ್ಕೆ ಸುತ್ತಿ ಕೈತೊಳೆದುಕೊಂಡಿದ್ದರು. ಅಣ್ಣ ಆ ಮೊಳೆಯನ್ನೇ ನೋಡುತ್ತ ನಿಂತ. ಅದಕ್ಕೆ ಇನ್ನೊಂದು ತಂತಿಯನ್ನೂ ಬಿಗಿದಿದ್ದರು, ಕಿಟಕಿಯಿಂದ ಹೊರಬಿದ್ದು ಹಿತ್ತಲಿನ ತನಕ ಹೋಗುವ, ಬಟ್ಟೆ ಒಣಹಾಕುವ ತಂತಿ.

ಹಿತ್ತಲಿಗೆ ಹೋಗಿ ಕಲ್ಲು ಹತ್ತಿ, ಆ ತಂತಿಗೆ ಟೆಸ್ಟರ್ ಇಟ್ಟ. ಟೆಸ್ಟರಿನ ಹೊಟ್ಟೆಯ ಪುಟ್ಟ ದೀಪ ಕೆಂಪಗೆ ಹೊತ್ತಿತು; ತಂತಿಯಲ್ಲಿ ಕರೆಂಟು ಹರಿಯುತ್ತಿತ್ತು. ಪಕ್ಕದಲ್ಲೇ ವೈನಿಯ ಅತ್ತೆಯವರ ಒದ್ದೆ ಸೀರೆ ನೀರು ತೊಟ್ಟಿಕ್ಕುತ್ತಿತ್ತು.

"ಇದನ್ನ ಯಾರ ಹಾಕಿದ್ರಿ, ವೈನೀ?" ಅವನ ದನಿ ನನಗೆ ಗುರುತು ಸಿಗಲಿಲ್ಲ.

"ನಾನ. ಅತ್ತೀದು ಮಡೀ ಸೀರಿ, ಕೈ ಹಚ್ಚೂ ಹಂಗಿಲ್ಲ. ಕೋಲಿಂದ ಹಾಕೇನಿ."

ಅಣ್ಣ ಕಲ್ಲಿನಿಂದ ಇಳಿದು ಅದರ ಮೇಲೇ ಕುಳಿತುಬಿಟ್ಟ. ಮಡಿಗಾಗಿ ಎತ್ತರಕ್ಕೆ ಕಟ್ಟಿದ ತಂತಿ, ಮಡಿಗಾಗಿ ಹಿಡಿದ ಬಿದಿರಿನ ಕೋಲು. ಆ ಮನೆಯವರು ಅಲ್ಲಿಯವರೆಗೆ ಬದುಕಿದ್ದುದು ಅಷ್ಟರ ಮೇಲೆ. ಬಾಬು ಕಾಕಾ ಬಾಗಿಲಲ್ಲಿ ನಿಂತಿದ್ದರು. ಚಹಾದ ಮಾತನ್ನು ಅಂದು ಯಾರೂ ಎತ್ತಲಿಲ್ಲ.

ಆ ತಂತಿಗಳನ್ನು ಸರಿಪಡಿಸಿ ಬಂದು, ಅಂದು ಸಂಜೆ ಅಣ್ಣ ತಾನೇ ಬಣ್ಣದ ಡಬ್ಬಿ ತಂದು ಬೋರ್ಡಿನ ಆ ಸಾಲು ಅಳಿಸಿದ. ನೋಡುವುದಕ್ಕೆ ಹಣವಿಲ್ಲ, ಕೆಲಸಕ್ಕೆ ಮಾತ್ರ ಎಂದು ನನ್ನಿಂದ ಬರೆಸಿ, ಪಾಯಿಂಟಿನ ದರವನ್ನು ತುಸು ಏರಿಸಿದ. ಹೊಸ ಮನೆಗಳ ಹಣ ಹಳೆಯ ಮನೆಗಳ ಓಡಾಟಕ್ಕೆ ಆಗಲಿ ಎಂದ. ಊರಿನ ಬೇರೆ ವೈರಮನ್ನರು ಧಂದೆ ಕೆಡಿಸಿದೆಯೆಂದು ಬೈದರು, ಈಗಲೂ ಬೈಯುತ್ತಾರೆ. ಓಣಿಯವರು ಕರೆಯತೊಡಗಿದರು. ಸಿಕ್ಕಸಿಕ್ಕಲ್ಲಿ ಚಹಾ ಕುಡಿದು ಅವನಿಗೆ ಪಿತ್ತವಾಯಿತು. ದೀಪಾವಳಿ ಬಂತು, ಹೋಯಿತು. ವಖಾರಿಯ ಆ ಗಾದಿಯ ಮೇಲೆ ಯಾರು ಕೂತರೋ, ಅಪ್ಪ ಹೇಳಲಿಲ್ಲ.

ಇಷ್ಟೆಲ್ಲ ಕಣ್ಣಾರೆ ಕಂಡ ನಾನು ಚಪ್ಪಲಿ ಮೆಟ್ಟಿ ಚಟ್ನಿ ರುಬ್ಬುತ್ತಿದ್ದೆ, ನೋಡಿ. ಮನೆಯ ಮಾಲಕಿಗೆ ಹೇಳಲು ಸಂಕೋಚ, ಅಷ್ಟೇ. ಲಟ್ಟಣಿಗೆಯನ್ನು ಅದರ ಜಾಗದಲ್ಲಿಟ್ಟು, ಮೇನ್ ಸ್ವಿಚ್ಚು ಇಳಿಸಿ, ಅವರ ಬಾಗಿಲು ಬಡಿದೆ. ಅವರು ತಲೆ ಒರೆಸಿಕೊಳ್ಳುತ್ತ ಬಂದು ಕೇಳಿಸಿಕೊಂಡರು.

"ಕರಸೂಣ್ರಿ," ಎಂದರು ಅನುಮಾನಿಸುತ್ತ. "ಆದ್ರ ಬರೇ ಬಂದ ನೋಡಾಕ ಎಷ್ಟ ತಗೋತಾನೋ ಏನೋ."

ಅವರ ಕೈಯಲ್ಲಿ ಒದ್ದೆ ಟವೆಲ್ ಇತ್ತು.

"ಅದಿರ್ಲಿರಿ," ಎಂದೆ. "ಅರಿವಿ ಹಾಕೂ ತಂತಿ ಎಲ್ಲಿ ಕಟ್ಟೀರಿ, ಮೊದಲ ಅದನ್ನ ತೋರಸ್ರಿ."