ಅಜ್ಜಿಯ ಗಂಧದ ಸೋಪು, ಅಪ್ಪನ ಪೆಟ್ರೋಲ್ ಟ್ಯಾಂಕು

ಇವತ್ತು ನನ್ನ ಹಳೇ ಕಾರಿನಡಿಯಿಂದ ಪೆಟ್ರೋಲ್ ವಾಸನೆ. ಉದಯಗಿರಿಯ ಮೆಕ್ಯಾನಿಕ್ ಬಗ್ಗಿ ನೋಡಿ, "ಟ್ಯಾಂಕ್ ಸೋರ್ತಿದೆ ಮೇಡಂ. ಸದ್ಯಕ್ಕೆ ಸೋಪು ಮೆತ್ತಿರ್ತೀನಿ, ಆಮೇಲೆ ಬಿಚ್ಚಿ ಬೆಸುಗೆ ಹಾಕೋಣ" ಎಂದ. ಸೋಪು ಎಂದದ್ದೇ ತಡ, ನನ್ನ ಹಳೆಯ ಸಿಟ್ಟು ಕೆರಳಿತು.

ನಾನು ಚಿಕ್ಕವಳಿದ್ದಾಗ ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ಅಜ್ಜಿ ಒಂದು ಗಂಧದ ಸೋಪನ್ನು ರೇಷ್ಮೆ ಸೀರೆಗಳ ನಡುವೆ ಪರಮಭಕ್ತಿಯಿಂದ ಇಟ್ಟಿದ್ದರು. ಅದು ಮೈಗಲ್ಲ, ಸೀರೆಯ ಪರಿಮಳಕ್ಕೆ. ಎಲ್ಲರೂ ಕಾರಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಹೊರಡಬೇಕಿದ್ದ ದಿನವೇ ಸೋಪು ಮಾಯ!

"ಯಾರೋ ನನ್ನ ಸೋಪು ಮುಟ್ಟಿದ್ದು?" ಅಜ್ಜಿ ಗುಡುಗಿದರು.

ಆಗಷ್ಟೇ ಕಾರಿನಡಿಯಿಂದ ಎದ್ದುಬಂದ ಅಪ್ಪ, ಉಗುರಿನ ಸಂದಿಯಲ್ಲಿ ಅದೇ ಸೋಪು ತುಂಬಿಕೊಂಡು, ನನ್ನತ್ತ ಬೆರಳು ತೋರಿಸಿ, "ಇವ್ಳೇ ಮುಖಕ್ಕೆ ತಿಕ್ಕೊಂಡು ಮುಗಿಸ್ಬುಟ್ಟಿರ್ತಾಳೆ ಕಣಮ್ಮ" ಎಂದರು!

ತೀರ್ಪು ತಕ್ಷಣ ಬಂತು: ನನಗೆ ಬೆಟ್ಟವಿಲ್ಲ. ಟ್ಯಾಂಕಿನ ತೂತಿಗೆ ಮೆತ್ತಿದ ಸೋಪಿನ ಕೃಪೆಯಿಂದ, ಅಪರಾಧಿಯೂ ಸೇರಿದಂತೆ ಇಡೀ ಮನೆ ಬೆಟ್ಟ ಹತ್ತಿತು. ನಿರಪರಾಧಿ ನಾನು ಪಕ್ಕದ ಮನೆಯಲ್ಲಿ ಅವಲಕ್ಕಿ ಅಗಿಯುತ್ತ ಕೂತೆ.

ಗ್ಯಾರೇಜಿನಿಂದಲೇ ಅಪ್ಪನಿಗೆ ಫೋನ್ ಮಾಡಿ, ಈಗಲಾದರೂ ತಪ್ಪೊಪ್ಪಿಕೊಳ್ಳಿ ಎಂದು ಜಗಳ ತೆಗೆದೆ.

"ಅದಿರ್ಲಿ ಬಿಡೇ," ಅಪ್ಪನ ದನಿಯಲ್ಲಿ ಶುದ್ಧ ಹೆಮ್ಮೆ, "ಬೆಟ್ಟ ಹತ್ತಿ ಇಳಿಯೋವರ್ಗೂ ಒಂದೇ ಒಂದು ಹನಿ ಸೋರ್ಲಿಲ್ಲ, ಗೊತ್ತಾ?"