ನೀಲಪ್ಪನ ಅಂಗಡಿಯ ಕಬ್ಬು

ಓಕ್ಲ್ಯಾಂಡಿನ ಗ್ರೋಸರಿಗಳಿಗೆ ಕಬ್ಬು ಇನ್ನೂ ಬರುತ್ತಿರದ ಕಾಲವದು. ಸಂಕ್ರಾಂತಿಯ ದಿನ ಕಬ್ಬಿನ ಜಾಗದಲ್ಲಿ ಅಮ್ಮ ಎರಡು ಬಾಳೆಹಣ್ಣು ಇಟ್ಟು, "ಅಡ್ಜಸ್ಟ್ ಮಾಡ್ಕೊಳ್ಳಪ್ಪಾ ದೇವ್ರೇ" ಎಂದು ಕೈಮುಗಿಯುತ್ತಿದ್ದಳು. ನಮ್ಮ ಅಪಾರ್ಟ್‌ಮೆಂಟಿನ ಕೆಳಗೇ ಒಂದು ಮಿಠಾಯಿ ಅಂಗಡಿಯಿತ್ತು. ಸ್ವೀಡನ್ನಿನಿಂದ ಬಂದ ನಿಲ್ಸ್ ಎಂಬ ಎತ್ತರದ ಮುದುಕರು ಅಲ್ಲಿ ಕೆಂಪು ಬಿಳಿ ಪಟ್ಟೆಯ ಪೆಪ್ಪರ್‌ಮಿಂಟ್ ಕಡ್ಡಿಗಳನ್ನು ಕೈಯಲ್ಲೇ ಎಳೆದು, ಹೊಸೆದು ಮಾಡುತ್ತಿದ್ದರು. ಅವರ ದೇಶದಲ್ಲಿ ಅದಕ್ಕೆ ಪೋಲ್ಕಗ್ರೀಸ್ ಎಂದು ಹೆಸರು. ಬೆಳಗಿನ ಮಂಜಿನ ಜೊತೆ ಪೆಪ್ಪರ್‌ಮಿಂಟಿನ ವಾಸನೆ ನಮ್ಮ ಕಿಟಕಿಗೆ ಏರಿ ಬರುತ್ತಿತ್ತು. ನನ್ನ ಸ್ಕೂಲಿನ ಸ್ವೆಟರು ಕೂಡ ಹಾಗೇ ಘಮ್ಮೆನ್ನುತ್ತಿತ್ತು.

ನನಗೆ ಹತ್ತು ತುಂಬಿದ ವರ್ಷ ಅಪ್ಪನ ಅಮ್ಮ ಮಂಡ್ಯದಿಂದ ಆರು ತಿಂಗಳಿಗೆಂದು ಬಂದರು. ಅಜ್ಜಿಯ ಸೂಟ್‌ಕೇಸಿನಲ್ಲಿ ಸೀರೆಗಳಿಗಿಂತ ಹೆಚ್ಚು ಜಾಗ ಹಿಡಿದಿದ್ದವು ಸಕ್ಕರೆ ಅಚ್ಚಿನ ಆರು ಮರದ ಮಣೆಗಳು. ನವಿಲು, ಗಿಳಿ, ತುಳಸಿಕಟ್ಟೆ, ಹೀಗೆ. ಬರ್ಕ್ಲಿಯಲ್ಲಿ ಕನ್ನಡದವರು ತಿಂಗಳಿಗೊಮ್ಮೆ ಕೂಡುತ್ತಿದ್ದರು. ಮೊದಲ ಸಲ ಹೋದಾಗಲೇ ಅಜ್ಜಿ ಎಲ್ಲರೆದುರು ಹೇಳಿಬಿಟ್ಟರು: "ಸಂಕ್ರಾಂತಿಗೆ ಇಲ್ಲಿರೋ ಅಷ್ಟೂ ಮಕ್ಳಿಗೆ ಸಕ್ರೆ ಅಚ್ಚು ನಂದು."

ಒಬ್ಬರು ಆಂಟಿ ನಕ್ಕರು. "ಯಾಕಜ್ಜಿ ಸುಮ್ನೆ ಕಷ್ಟ? ಎಳ್ಳಿನ ಜೊತೆ ಎರಡು ಶುಗರ್ ಕ್ಯೂಬ್ ಹಾಕಿದ್ರಾಯ್ತು. ಮಕ್ಳಿಗೇನು ಗೊತ್ತಾಗತ್ತೆ?"

ಮನೆಗೆ ಬಂದು ಚಪ್ಪಲಿ ಬಿಡುತ್ತಾ ಅಜ್ಜಿ, "ಕ್ಯೂಬಂತೆ ಕ್ಯೂಬು" ಎಂದರು. ಅಷ್ಟೇ.

ಆದರೆ ನಮ್ಮ ಮನೆಯದು ಕರೆಂಟಿನ ಸುರುಳಿ ಒಲೆ. ಆರಿಸಿದ ಮೇಲೂ ಅದು ಕೆಂಪಗೆ ಕೂತಿರುತ್ತಿತ್ತು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಅಜ್ಜಿ ಎರಡು ಸಲ ಪಾಕ ಹೂಡಿದರು. ಎರಡು ಸಲವೂ ಕಂದು ಬಣ್ಣಕ್ಕೆ ತಿರುಗಿ ಸೀದುಹೋಯಿತು. "ಈ ಒಲೆ ಮಾತೇ ಕೇಳಾಕಿಲ್ಲ ಕಣ್ ಮಗಾ. ಗ್ಯಾಸಾದ್ರೂ ಇದ್ದಿದ್ರೆ..." ಎಂದು ಮಣೆಗಳನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿಟ್ಟರು. ಇನ್ನು ಬಿಚ್ಚುವುದೇ ಇಲ್ಲವೆಂಬಂತೆ ಅವರು ಸುತ್ತಿಟ್ಟ ರೀತಿ ನನಗೆ ಹಿಡಿಸಲಿಲ್ಲ.

ಕೆಳಗೆ ನಿಲ್ಸ್ ಅವರದು ದೊಡ್ಡ ಗ್ಯಾಸಿನ ಒಲೆ, ತಾಮ್ರದ ಬಾಣಲೆ. ನೋಡಿ, ಈಗ ಇಪ್ಪತ್ತು ವರ್ಷದಿಂದ ಗ್ರೋಸರಿ ನಡೆಸುತ್ತಿರುವವಳಾಗಿ ಹೇಳುತ್ತೇನೆ: ಒಬ್ಬರಿಂದ ಏನಾದರೂ ಬೇಕಿದ್ದರೆ ಕೇಳುವ ಮೊದಲು ಅವರಿಗೆ ಏನು ಬರುವುದಿಲ್ಲ ಎಂದು ನೋಡಿ. ನಿಲ್ಸ್ ಅವರಿಗೆ ಗಿರಾಕಿಗಳನ್ನು ಕರೆಯಲು ಬರುತ್ತಿರಲಿಲ್ಲ. ಯಾರಾದರೂ ಒಳಗೆ ಬಂದರೆ ಅವರೇ ನಾಚಿ ಹಿಂದೆ ಸರಿಯುತ್ತಿದ್ದರು. ಮುರಿದ ಕಡ್ಡಿಗಳನ್ನು ಡಬ್ಬಿಗೆ ಹಾಕಿ ಸುಮ್ಮನೆ ಇಟ್ಟಿರುತ್ತಿದ್ದರು.

"ಡಿಸೆಂಬರಿನ ಶನಿವಾರಗಳಲ್ಲಿ ಆ ಚೂರುಗಳನ್ನು ತಟ್ಟೆಯಲ್ಲಿಟ್ಟುಕೊಂಡು ನಾನು ಬಾಗಿಲಲ್ಲಿ ನಿಲ್ಲುತ್ತೇನೆ" ಎಂದೆ. "ಬದಲಿಗೆ ಜನವರಿಯಲ್ಲಿ ಒಂದು ಮಧ್ಯಾಹ್ನ ನಮ್ಮಜ್ಜಿಗೆ ನಿಮ್ಮ ಒಲೆ ಬೇಕು."

ಅವರು ಡಬ್ಬಿಯ ಮುಚ್ಚಳ ತೆಗೆದು ಚೂರುಗಳನ್ನು ನೋಡಿದರು. "ಎರಡು ಶನಿವಾರ ಸಾಕಾಗುತ್ತದೆ" ಎಂದರು. ಅವರಿಗೆ ಚೌಕಾಸಿಯೂ ಬರುತ್ತಿರಲಿಲ್ಲ. ನಾನು ನಾಲ್ಕು ಶನಿವಾರವೂ ನಿಂತೆ. ಚೂರು ಬಾಯಿಗೆ ಹಾಕಿಕೊಂಡವರಲ್ಲಿ ಬರಿಗೈಲಿ ಹೋದವರು ಕಡಿಮೆ.

ಹಬ್ಬದ ಹಿಂದಿನ ದಿನ ಅಜ್ಜಿ ಮಡಿಸೀರೆಯ ಮೇಲೆ ಸ್ವೆಟರು ತೊಟ್ಟು, ಮನೆಯಲ್ಲಿದ್ದ ಅಷ್ಟೂ ಸಕ್ಕರೆ ಹೊತ್ತು ಕೆಳಗಿಳಿದರು. "ಏನಪ್ಪಾ ನೀಲಪ್ಪಾ, ಚೆಂದಾಗಿದ್ದೀಯಾ?" ಎಂದು ಒಳಗೆ ಕಾಲಿಟ್ಟರು. ಆವತ್ತಿನಿಂದ ಅವರು ನಮಗೆಲ್ಲ ನೀಲಪ್ಪನೇ. ಆರು ಗಂಟೆಗೆ ನೀಲಪ್ಪ ಚರ್ಚಿನ ಹಾಡಿನ ಅಭ್ಯಾಸಕ್ಕೆ ಹೋಗಬೇಕಿತ್ತು. ಅಷ್ಟರಲ್ಲಿ ಕೆಲಸ ಮುಗಿಯಬೇಕೆಂದು ಮಾತಾಗಿತ್ತು.

ತಾಮ್ರದ ಬಾಣಲೆಯಲ್ಲಿ ಪಾಕ ಕುದಿಯತೊಡಗಿತು. ಅಜ್ಜಿ ಹಾಲು ಹಾಕಿ ಕೊಳೆ ತೆಗೆದು, ನೀರಲ್ಲಿ ನೆನೆಹಾಕಿದ್ದ ಮಣೆಗಳನ್ನು ತರಲು ಮೇಲೆ ಹೋದರು. ಆಗ ನೀಲಪ್ಪ ಅತ್ತಿತ್ತ ನೋಡಿ ಕಪಾಟಿನಿಂದ ಒಂದು ಸೀಸೆ ತೆಗೆದರು. "ಇದು ನಮ್ಮ ತಂದೆಯ ಗುಟ್ಟು. ಒಂದು ಚಮಚ ವಿನೆಗರ್. ಸಕ್ಕರೆ ಎಂದೂ ಹರಳುಗಟ್ಟುವುದಿಲ್ಲ. ನಿನ್ನಜ್ಜಿಗೆ ನನ್ನ ಉಡುಗೊರೆ" ಎಂದು ಬಾಣಲೆಗೆ ಸುರಿದರು.

ಪುಕ್ಕಟೆ ಸಿಕ್ಕಿದ್ದನ್ನು ಬಿಡುವವಳೇ ನಾನು? "ಇನ್ನೊಂದು ಚಮಚ ಹಾಕಿ" ಎಂದೆ. ಹಾಕಿದರು.

ಸಕ್ಕರೆ ಅಚ್ಚು ಮಾಡಿದವರು ಇಷ್ಟರಲ್ಲೇ ಹಣೆ ಚಚ್ಚಿಕೊಂಡಿರುತ್ತೀರಿ. ಅಚ್ಚಿಗೆ ಪಾಕ ಹರಳುಗಟ್ಟಲೇಬೇಕು. ಸೌಟಿನಲ್ಲಿ ಉಜ್ಜುತ್ತಾ ಉಜ್ಜುತ್ತಾ ಅದು ಹಾಲಿನಂತೆ ಬೆಳ್ಳಗಾಗಿ ಮಂದವಾದಾಗ ಮಣೆಗೆ ಹೊಯ್ಯಬೇಕು. ಅಜ್ಜಿ ಬಂದು ಉಜ್ಜಿದರು. ಸೆರಗು ಸಿಕ್ಕಿಸಿಕೊಂಡು ಮತ್ತೆ ಉಜ್ಜಿದರು. ಪಾಕ ಗಾಜಿನ ಹಾಗೆ ತಿಳಿಯಾಗಿ, ಜಿಗುಟಾಗಿ, ನಗುತ್ತಾ ಕೂತಿತ್ತು.

"ನನ್ ಕೈಗೇನಾಗದೆ? ಅರವತ್ತೊರ್ಸದಲ್ಲಿ ಹಿಂಗಾಗಿರ್ನಿಲ್ಲ!" ಎಂದು ಅಜ್ಜಿ ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು.

ನಾನು ಬಾಯಿ ಬಿಡಲೇಬೇಕಾಯಿತು. "ಅಜ್ಜಿ, ಅವ್ರು ಹೆಲ್ಪ್ ಮಾಡಿದ್ರು. ವಿನೆಗರ್ ಹಾಕಿದ್ರು. ಒಂದು ಸ್ಪೂನು. ಇನ್ನೊಂದು ನಾನು ಹಾಕ್ಸಿದ್ದು."

"ಹಂಗಂದ್ರೆ?"

"ಹುಳಿ, ಅಜ್ಜಿ."

"ಅಯ್ಯೋ ನಿನ್ ಮನೆ ಕಾಯೋಗ ನೀಲಪ್ಪಾ! ಅಚ್ಚಿನ್ ಪಾಕಕ್ಕೆ ಹುಳಿ ಹಿಂಡಿದ್ಯಲ್ಲೋ!"

ನೀಲಪ್ಪ ಅದನ್ನು ಧನ್ಯವಾದವೆಂದೇ ತಿಳಿದು ತಲೆ ಬಾಗಿಸಿದರು. ನಾನು ವಿಷಯ ಬಿಡಿಸಿ ಹೇಳಿದ ಮೇಲೆ ಅವರ ಕಿವಿಗಳು ಕೆಂಪಾದವು. ಗಂಟೆ ನಾಲ್ಕಾಗಿತ್ತು. ನಾಳೆ ಬೆಳಗಾದರೆ ನಲವತ್ತು ಮಕ್ಕಳು. ಮನೆಯಲ್ಲಿ ಸಕ್ಕರೆಯಿಲ್ಲ, ಕ್ರಿಸ್‌ಮಸ್ಸಿನ ಗಲಾಟೆ ಮುಗಿದು ಅಂಗಡಿಯ ಮೂಟೆಗಳೂ ಖಾಲಿ. ಕೊಂಡು ತಂದು ಮತ್ತೆ ಮೊದಲಿನಿಂದ ಹೂಡಿದರೆ ಆರರೊಳಗೆ ಮುಗಿಯುವ ಮಾತಲ್ಲ. ಅಜ್ಜಿ ಸ್ಟೂಲಿನ ಮೇಲೆ ಕೂತುಬಿಟ್ಟರು. "ಆ ಕ್ಯೂಬಿನವ್ಳು ನಾಳೆ ನಗ್ತಾಳೆ ನೋಡು" ಎಂದು ಗೋಡೆಗೆ ಹೇಳಿದರು.

ನೀಲಪ್ಪ ಒಲೆಯ ಉರಿ ದೊಡ್ಡದು ಮಾಡಿದರು. ಪಾಕ ಗಟ್ಟಿ ಹದಕ್ಕೆ ಬಂದಾಗ ಎಣ್ಣೆ ಸವರಿದ ಅಮೃತಶಿಲೆಯ ಮೇಲೆ ಸುರಿದರು. ಒಂದು ಮುದ್ದೆಗೆ ಕೆಂಪು ಬಣ್ಣ ಬೆರೆಸಿ ಪಕ್ಕಕ್ಕಿಟ್ಟು, ಉಳಿದದ್ದನ್ನು ಗೋಡೆಯ ಕೊಕ್ಕೆಗೆ ಎಸೆದು ಎಳೆದರು. ಮಡಚಿ ಮತ್ತೆ ಎಳೆದರು. ಗಾಜಿನಂತಿದ್ದದ್ದು ಕಣ್ಣೆದುರೇ ರೇಷ್ಮೆಯ ಲಡಿಯಂತೆ ಹೊಳೆದು ಬೆಣ್ಣೆಯಷ್ಟು ಬೆಳ್ಳಗಾಯಿತು.

ಅಜ್ಜಿ ಎದ್ದು ನಿಂತರು. "ಬೆಳ್ಳಗಾಯ್ತಲ್ಲಾ! ಹುಳಿ ಹಿಂಡಿದ್ರೂ ಬೆಳ್ಳಗಾಯ್ತಲ್ಲಾ ಮಗಾ!"

ನೀಲಪ್ಪ ಪೆಪ್ಪರ್‌ಮಿಂಟ್ ಎಣ್ಣೆಯ ಸೀಸೆ ಎತ್ತಿಕೊಂಡರು. ಅಜ್ಜಿ ಅವರ ಕೈ ಹಿಡಿದರು. "ಅದು ಬ್ಯಾಡ. ದೇವ್ರಿಗೆ ನೆಗಡಿಯಾಗಿಲ್ಲ." ಸೊಂಟದ ಚೀಲದಿಂದ ಕುಟ್ಟಿದ ಏಲಕ್ಕಿಯ ಪೊಟ್ಟಣ ತೆಗೆದರು. ನೀಲಪ್ಪ ಅದನ್ನು ಮೂಸಿದರು. ಮತ್ತೆ ಮೂಸಿದರು. ಅವರ ಅಮ್ಮ ಬೇಯಿಸುತ್ತಿದ್ದ ಬನ್ನುಗಳಿಗೂ ಇದೇ ಪರಿಮಳವಂತೆ. ಇದನ್ನು ಮಿಠಾಯಿಗೆ ಹಾಕಬೇಕೆಂದು ತಮಗೇಕೆ ಹೊಳೆಯಲಿಲ್ಲ ಎಂದು ಬೈದುಕೊಳ್ಳುತ್ತಾ ಅಷ್ಟೂ ಸುರಿದರು.

ಈಗ ಬಿಳಿಯ ಮೇಲೆ ಕೆಂಪು ಪಟ್ಟೆ ಅಂಟಿಸಿ ಕಡ್ಡಿ ಹೊಸೆಯುವ ಕೆಲಸ. ಆರುವವರೆಗೂ ಉರುಳಿಸುತ್ತಲೇ ಇರಬೇಕು, ಬಿಟ್ಟರೆ ಚಪ್ಪಟೆಯಾಗುತ್ತದೆ. ಕಡ್ಡಿ ಎಂದರೆ ಎಲ್ಲೂ ಉಬ್ಬುತಗ್ಗಿಲ್ಲದೆ ದುಂಡಗಿರಬೇಕು, ಅದು ನೀಲಪ್ಪನ ಕಸುಬಿನ ಮರ್ಯಾದೆ. ಅಜ್ಜಿ ಒಂದು ಉದ್ದನೆಯ ಕಡ್ಡಿಯನ್ನು ತಮ್ಮೆದುರಿಗೆ ಎಳೆದುಕೊಂಡು, ಎರಡೆರಡು ಬೆರಳ ಅಂತರಕ್ಕೆ ಹೆಬ್ಬೆರಳು ತೋರುಬೆರಳಿನಿಂದ ಚಿವುಟುತ್ತಾ ಹೋದರು.

"ನೋ, ನೋ, ನೋ!" ನೀಲಪ್ಪ ಕಿರುಚಿದರು.

ಅಜ್ಜಿ ನಿಲ್ಲಿಸಲಿಲ್ಲ. ಮುಗಿಸಿ ಎತ್ತಿ ತೋರಿಸಿದರು. ಗಿಣ್ಣು ಗಿಣ್ಣಾಗಿ, ಪಟ್ಟೆ ಪಟ್ಟೆಯಾಗಿ, ಗೇಣುದ್ದದ ಕಬ್ಬು!

"ಇದೇನು?" ಎಂದರು ನೀಲಪ್ಪ. ಕಬ್ಬು, ಸಕ್ಕರೆ ಇದರಿಂದಲೇ ಬರುವುದು ಎಂದೆ. ಜೀವಮಾನವೆಲ್ಲ ಸಕ್ಕರೆ ಕುದಿಸಿದ ಮನುಷ್ಯ ಕಬ್ಬನ್ನೇ ನೋಡಿರಲಿಲ್ಲ. ಅವರ ದೇಶದಲ್ಲಿ ಸಕ್ಕರೆ ತೆಗೆಯುವುದು ಬೀಟ್ ಗಡ್ಡೆಯಿಂದಂತೆ.

"ಗಡ್ಡೆಯಿಂದ ಸಕ್ರೆಯಾ? ಸುಳ್ಬುರುಕ!" ಎಂದು ಅಜ್ಜಿ ಬಿದ್ದೂ ಬಿದ್ದೂ ನಕ್ಕರು. ನೀಲಪ್ಪನೂ ಅರ್ಥವಾಗದೆ ನಕ್ಕರು. ನಾನು ಕತ್ತರಿಸಿದೆ, ಅವರು ಉರುಳಿಸಿದರು, ಅಜ್ಜಿ ಚಿವುಟಿದರು. ಆರು ಹೊಡೆದದ್ದು, ಹಾಡಿನ ಅಭ್ಯಾಸ ತಪ್ಪಿದ್ದು ಯಾರಿಗೂ ಗೊತ್ತಾಗಲಿಲ್ಲ.

ಮರುದಿನ ಬರ್ಕ್ಲಿಯಲ್ಲಿ ಎಳ್ಳುಬೆಲ್ಲದ ಪೊಟ್ಟಣಕ್ಕೊಂದು ಕಬ್ಬು. ಮಕ್ಕಳು ಕಟಕಟನೆ ಕಡಿದು, ತುಟಿಯೆಲ್ಲ ಕೆಂಪು ಮಾಡಿಕೊಂಡು ಮತ್ತೆ ಕೈಯೊಡ್ಡಿದರು. ಆ ಆಂಟಿಯೂ ಬಂದರು. "ಅಜ್ಜಿ, ನನ್ ಮಗ ಇನ್ನೊಂದು ಬೇಕಂತಾನೆ."

"ಮನೇಲಿ ಕ್ಯೂಬ್ ಇಲ್ವೇನವ್ವಾ?" ಎಂದರು ಅಜ್ಜಿ. ಹಾಗೆಂದವರೇ ಎರಡು ಕೊಟ್ಟರು.

ಅಜ್ಜಿ ಫೆಬ್ರವರಿಯಲ್ಲಿ ಊರಿಗೆ ಹೊರಟರು. ಮತ್ತೆ ಬರಲಾಗಲಿಲ್ಲ. ನೀಲಪ್ಪ ಮುಂದಿನ ಕೆಲವು ಜನವರಿಗಳಲ್ಲಿ ನಮಗೆಂದೇ ಏಲಕ್ಕಿಯ ಕಡ್ಡಿ ಮಾಡಿ ಕೊಡುತ್ತಿದ್ದರು. ಅವು ದುಂಡಗೇ ಇರುತ್ತಿದ್ದವು. ಚಿವುಟಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ. ಈಗ ಅವರೂ ಇಲ್ಲ. ಆ ಅಂಗಡಿಯಲ್ಲಿ ಮೊಬೈಲಿನ ಕವರುಗಳನ್ನು ಮಾರುತ್ತಾರೆ.

ಇಂದು ನನ್ನ ಗ್ರೋಸರಿಯಲ್ಲಿ ಜನವರಿ ಬಂದರೆ ನಿಜವಾದ ಕಬ್ಬೇ ಗೋಡೆಗೊರಗಿ ನಿಂತಿರುತ್ತದೆ. ಸಕ್ಕರೆ ಅಚ್ಚು ಡಬ್ಬಿಗಳಲ್ಲಿ ಬೆಂಗಳೂರಿನಿಂದ ಬರುತ್ತದೆ, ಒಂದೂ ಮುರಿದಿರುವುದಿಲ್ಲ. ಚೆನ್ನಾಗಿದೆ, ಕೊಳ್ಳಿ, ನಾನೇನು ಬೇಡವೆನ್ನುವುದಿಲ್ಲ. ಆದರೆ ಹೋದ ಸಂಕ್ರಾಂತಿಗೆ ಸರಟೋಗಾದ ನಮ್ಮ ಈಗಿನ ಮನೆಯಲ್ಲಿ ಮಗಳನ್ನು ಕೂರಿಸಿಕೊಂಡು ನಾನೇ ಪಾಕ ಹೂಡಿದೆ. ವಿನೆಗರ್ ಹಾಕಿದೆ, ಒಂದೇ ಚಮಚ. ಎಳೆದೆ, ಬೆಳ್ಳಗಾಯಿತು. ಏಲಕ್ಕಿ ಘಮ್ಮೆಂದಿತು. ಗಿಣ್ಣು ಮಾತ್ರ ಬರಲಿಲ್ಲ. ಬಿಸಿಯಿದ್ದಾಗ ಚಿವುಟಿದರೆ ಕುಸಿಯುತ್ತದೆ, ಆರಿದ ಮೇಲೆ ಚಿವುಟಿದರೆ ಪಟ್ಟೆಂದು ಮುರಿಯುತ್ತದೆ. ನಡುವೆ ಎಲ್ಲೋ ನಾಲ್ಕು ಉಸಿರಿನಷ್ಟು ಹೊತ್ತು ಇದೆ. ಅದು ಅಜ್ಜಿಯ ಹೆಬ್ಬೆರಳಿಗೆ ಗೊತ್ತಿತ್ತು. ಕಂಡಕಂಡವರಿಂದ ಕೇಳಿ ಕೇಳಿ ಪಡೆದು ಬದುಕು ಕಟ್ಟಿಕೊಂಡ ನಾನು ಅದೊಂದನ್ನು ಕೇಳಲಿಲ್ಲ.

"ಅಮ್ಮಾ, ಇಟ್ ಬ್ರೋಕ್ ಅಗೇನ್!" ಎಂದಳು ಮಗಳು, ಏಳನೆಯ ಸಲ.

"ಬಾಯಿಗೆ ಹಾಕ್ಕೋ" ಎಂದೆ. "ನಂಗೂ ಅರ್ಧ ಕೊಡು. ಇನ್ನೊಂದು ಮಾಡೋಣ."