ಕೊಟ್ರೇಶಣ್ಣನ ಶೋಕೇಸು

ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಹಿಂದಿದ್ದ ಕೊಟ್ರೇಶಣ್ಣನ ಸ್ಟುಡಿಯೋದ ಶೋಕೇಸಿನಲ್ಲಿ ನಗುವವರ ಫೋಟೊ ಒಂದೂ ಇರಲಿಲ್ಲ. ಅರೆಗಣ್ಣು, ಜೋತ ತುಟಿ, ಗಂಟುಹುಬ್ಬು. ಎಲ್ಲರೂ ಊರಿನ ಮರ್ಯಾದಸ್ಥರೇ. ಬೇರೆ ಫೋಟೊಗ್ರಾಫರು ಇಂಥವನ್ನು ಹರಿದು ಹಾಕುತ್ತಾರೆ. ಈತ ಫ್ರೇಮು ಹಾಕಿಸುತ್ತಿದ್ದ.

ತೊಂಬತ್ತರ ದಶಕದ ಕೊನೆಗೆ ಅವನಿಗೆ ಖಿನ್ನತೆ ಹಿಡಿಯಿತು. ಮೂರು ಬಗೆಯ ಮಾತ್ರೆ ನುಂಗಿದರೂ ಜಗ್ಗಲಿಲ್ಲ. ತಲೆನೋವು ಬಂದರೆ ಮಿದುಳಿನ ಗಡ್ಡೆಯೇ ಎಂದು ನಂಬುವವನು ನಾನು. ಬಳ್ಳಾರಿಯ ಡಾಕ್ಟರ ಬಳಿ ಅವನ ಜೊತೆ ಹೋಗುತ್ತಿದ್ದುದರಲ್ಲಿ ನನ್ನ ಸ್ವಾರ್ಥವೂ ಇತ್ತು. ಡಾಕ್ಟರು ವಿವರಿಸಿದ್ದನ್ನು ಬಸ್ಸಿನಲ್ಲಿ ಅವನು ತನ್ನ ಮಾತಿಗೆ ತಿರುಗಿಸಿಕೊಂಡ:

"ತಲಿಯೊಳಗ ಹೆದರಿಕಿ ಗಂಟಿ ಒಂದೈತಂತ್ರಿ. ನಂದು ಸುಮ್‌ಸುಮ್ಕ ಬಾರಸ್ತೈತಿ. ನಿಂದರಸಾವ ಮಲಕ್ಕೊಂಡಾನ. ಅದಕ್ಕ ನಕ್ಕೋತ ಬಂದವ್ರೂ ಬಯ್ಯಾಕ ಬಂದಂಗ ಕಾಣ್ತಾರ."

ನಾನು ಆಗಲೇ ಬೆವರತೊಡಗಿದ್ದೆ.

"ನಿಮಗೇನಾಗಿಲ್ಲ ಬಿಡ್ರಿ, ನಿಮ್ದು ಚಟ," ಎಂದ.

ಅವನ ಹೆಂಡತಿ ಗೌರಮ್ಮನ ಅಣ್ಣ ಶಿವಪ್ಪ, ಬೀಜ-ಗೊಬ್ಬರದ ಅಂಗಡಿಯವನು. ಅವನ ಮಗಳ ಮದುವೆಯಲ್ಲಿ ಕೊಟ್ರೇಶಣ್ಣ ಕ್ಯಾಮೆರಾ ಹಿಡಿದು "ನಗ್ರಿ, ನಗ್ರಿ" ಎನ್ನುತ್ತಲೇ ನಿಂತ. ವಧೂವರರು ನಗುತ್ತಲೇ ಇದ್ದರು, ಅವನಿಗೆ ಕಾಣಲಿಲ್ಲ. ಶಿವಪ್ಪ ಅವನ ಕೊರಳಿನಿಂದ ಕ್ಯಾಮೆರಾ ಕಿತ್ತುಕೊಂಡ.

"ಹುಚ್ಚನ ಕೈಯಾಗ ಇದನ್ನ ಕೊಟ್ಟಾವ್ರು ಯಾರಲೇ?"

ಮಂಟಪಕ್ಕೆ ಮಂಟಪವೇ ನಕ್ಕಿತು. ಆ ನಗುವೂ ಅವನಿಗೆ ಬೈಗುಳವಾಗಿಯೇ ಕಂಡಿತು. ಆ ದಿನ ಮಾತ್ರ ಅವನ ಮಿದುಳು ಸರಿಯಾಗಿ ಓದಿತ್ತು.

ನಾಲ್ಕನೆಯ ಮಾತ್ರೆ ನಿಧಾನಕ್ಕೆ ಹತ್ತಿತು. ನಗು ನಗುವಿನಂತೆಯೇ ಕಾಣತೊಡಗಿತು. ಅಷ್ಟರಲ್ಲಿ ಶಿವಪ್ಪ ಚುನಾವಣೆಗೆ ನಿಂತು, ಏನೂ ನಡೆದೇ ಇಲ್ಲವೆಂಬಂತೆ ಕರಪತ್ರದ ಫೋಟೊಗೆ ಬಂದ.

"ನಗ್ರಿ ಭಾವ... ಇನ್ನೊಂಚೂರು..."

ನಕ್ಕು ನಕ್ಕು ದವಡೆ ಸೋತು ಶಿವಪ್ಪನ ಮುಖ ಜೋತುಬಿದ್ದ ಕ್ಷಣಕ್ಕೆ ಕೊಟ್ರೇಶಣ್ಣ ಗುಂಡಿ ಒತ್ತಿದ. ವಾರದೊಳಗೆ ಅದು ಶೋಕೇಸಿನ ನಟ್ಟನಡುವೆ, ಎಲ್ಲಕ್ಕಿಂತ ದೊಡ್ಡದಾಗಿ ಕೂತಿತು. ಶಿವಪ್ಪ ಓಡಿ ಬಂದ.

"ತಗೀಲೇ ಅದನ್ನ!"

"ಆವಾಗ ನೀವು ನನಗ ಹಿಂಗ ಕಾಣತಿದ್ರಿ ಭಾವ. ಊರವ್ರೂ ನೋಡ್ಲಿ."

ಚುನಾವಣೆಯಲ್ಲಿ ಶಿವಪ್ಪ ಸೋತ. ಫೋಟೊದಿಂದಲೇ ಸೋತ ಎನ್ನಲಾರೆ, ಎನ್ನಲು ಆಸೆಯಿದೆ. ಮಂಟಪದಲ್ಲಿ ನಕ್ಕವರನ್ನೆಲ್ಲ ಕೊಟ್ರೇಶಣ್ಣ ಆಮೇಲೆ ಒಬ್ಬೊಬ್ಬರನ್ನಾಗಿ ಗಾಜಿನೊಳಗೆ ಕೂರಿಸಿದ.

ಕೆಲವು ವರ್ಷಕ್ಕೆ ಅವನ ತಲೆಯೊಳಗಿನ ಗಂಟೆ ಮತ್ತೆ ಬಾರಿಸಿತು. ಕೊನೆಯ ಸಲ ನಾನು ಸ್ಟುಡಿಯೋಗೆ ಹೋಗಿ ಫೋಟೊಗೆ ಕೂತಾಗ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದ.

"ನೀವೀಗ ನಗಾಕತ್ತೀರೇನ್ರಿ?"

"ಹೌದೋ ಕೊಟ್ರೇಶಣ್ಣ."

"ಹಂಗಾರ ನಿಮ್ಮ ಮಾತಿನ ಮ್ಯಾಲ," ಎಂದು ಗುಂಡಿ ಒತ್ತಿದ.

ಆ ತಿಂಗಳೇ ಎದೆನೋವು ಬಂದು ಹೋಗಿಬಿಟ್ಟ. ಮಣ್ಣು ಮಾಡಿ ಬಂದ ದಿನವೇ ಶಿವಪ್ಪ ಶೋಕೇಸಿನ ಮುಂದೆ ನಿಂತು ಬೀಗದ ಕೈ ಕೇಳಿದ. ಗೌರಮ್ಮ ಅದನ್ನು ಸೆರಗಿನ ಗಂಟಿನಿಂದ ಬಿಚ್ಚಿದಳು.

"ಕೊಡ್ತೀನಣ್ಣ. ಅವ್ರಿಗೆ ಕಾಣದ ನಗಿ ಒಮ್ಮೆ ನಕ್ಕು ತೋರಸು."

ಶಿವಪ್ಪನ ತುಟಿ ಅಲುಗಿತು. ಗಾಜಿನ ಒಳಗೂ ಹೊರಗೂ ಅದೇ ಮುಖ. ಗೌರಮ್ಮ ಬೀಗದ ಕೈಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು.

ಸಾವಿನ ಮನೆಯೆದುರು ಯಾರಾದರೂ ನೋಡಿಯಾರೆಂದು ಹೆದರಿ, ನಾನು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕೆ.